ಆಪರೇಷನ್ ಡೇಟ್ ಮುಂದಕ್ಕೆ ಹೋಗದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಕಾಕಾಗೆ ಹರ್ನಿಯಾ. ಕಲಬುರಗಿಯ ಒಂದು ಸರ್ಕಾರಿ ದವಾಖಾನೆಯಲ್ಲಿ ಕಾದು ಕಾದು ಡೇಟ್ ಸಿಕ್ಕಿತ್ತು. ಆ ದಿನ ಬೆಳಗ್ಗೆ ಆರಕ್ಕೆ ಗೇಟಿನ ಹೊರಗೆ ಹೋಗಿ ಅರ್ಧ ಕಪ್ ಚಹಾ ಕುಡಿದು ಬಂದರು. ‘ಬರೀ ಚಹಾ, ಏನಾಗ್ತದ?’ ಅಂದರು. ಆಪರೇಷನ್ ಕ್ಯಾನ್ಸಲ್. ಮತ್ತೆ ಮೂರು ವಾರ.

ಸರ್ಜನ್ ಎಷ್ಟು, ಥಿಯೇಟರ್ ಎಷ್ಟು ಅನ್ನೋದು ನಮ್ಮ ಕೈಯಲ್ಲಿಲ್ಲ. ಸಿಕ್ಕ ಡೇಟ್ ಉಳಿಸಿಕೊಳ್ಳುವುದು ಮಾತ್ರ ಸಾಕಷ್ಟು ನಮ್ಮ ಕೈಯಲ್ಲೇ ಇದೆ.

ಸೀದಾ ಜಿಮ್ಸ್‌ಗೆ (ಕಲಬುರಗಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಓಡುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಜನ್, ಅರಿವಳಿಕೆ ಡಾಕ್ಟರ್ ಇಬ್ಬರೂ ಇದ್ದರೆ ಹರ್ನಿಯಾ, ಹೈಡ್ರೋಸಿಲ್‌ನಂಥವು ಸೇಡಂ, ಆಳಂದದಲ್ಲೇ ಮುಗಿಯಬಹುದು.

ಆಮೇಲೆ ಕಾಗದಪತ್ರ. ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಇದೆಯಾ ನೋಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮ ಆಪರೇಷನ್ ಆ ಆಸ್ಪತ್ರೆಯಲ್ಲಿ ಆಗುವುದಿಲ್ಲ ಎಂದರೆ ಸುಮ್ನೆ ವಾಪಸ್ ಬರಬೇಡಿ. ರೆಫರಲ್ ಚೀಟಿ ಕೇಳಿ, ಆರೋಗ್ಯ ಮಿತ್ರರನ್ನು (ಈ ಯೋಜನೆಗೆ ಆಸ್ಪತ್ರೆಯಲ್ಲಿ ನೆರವಾಗುವ ಸಿಬ್ಬಂದಿ) ಕಾಣಿ.

ಇನ್ನು ಫಿಟ್‌ನೆಸ್, ಅಂದರೆ ಆಪರೇಷನ್ ತಾಳಿಕೊಳ್ಳುವಷ್ಟು ದೇಹ ಸರಿಯಾಗಿದೆಯಾ ಎಂಬ ತಪಾಸಣೆ. ಡೇಟ್ ಜಾಸ್ತಿ ಜಾರುವುದು ಇಲ್ಲೇ ಅಂತ ನನಗನಿಸುತ್ತದೆ. ಬಿಪಿ, ಶುಗರ್ ಏರಿದ್ದರೆ, ರಕ್ತ ಕಡಿಮೆ ಇದ್ದರೆ ಅರಿವಳಿಕೆ ಡಾಕ್ಟರ್ ಒಪ್ಪುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿದ ಮರುದಿನವೇ ರಕ್ತ ಏರುವುದಿಲ್ಲ, ವಾರಗಟ್ಟಲೆ ಬೇಕು. ಹಾಗಾಗಿ ಡೇಟ್ ಬರೆಸಿದ ದಿನವೇ ಹಿಮೋಗ್ಲೋಬಿನ್ ಎಷ್ಟಿದೆ ಕೇಳಿ. ಮಾತ್ರೆಯ ಹಿಂದೆಯೇ ಚಹಾ ಕುಡಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ (ಮತ್ತೆ ಚಹಾ! ಕಾಕಾ ಓದಿದರೆ ಬೈತಾರೆ). ಬೀಡಿ, ಗುಟ್ಕಾ ಆ ದಿನದಿಂದಲೇ ಬಿಡಿ. ರಕ್ತ ಬೇಕಾಗಬಹುದು ಅಂದಿದ್ದರೆ ಕೊಡುವವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಹಿಂದಿನ ದಿನ ‘ಎಷ್ಟು ಗಂಟೆಯಿಂದ ಉಪವಾಸ?’ ಎಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಸಾಮಾನ್ಯವಾಗಿ ಊಟಕ್ಕೆ 6ರಿಂದ 8 ಗಂಟೆ ಅಂತರ ಬೇಕು. ಹಾಲು ಹಾಕಿದ ಚಹಾನೂ ಊಟದ ಲೆಕ್ಕವೇ. ಬಿಪಿ, ಶುಗರ್ ಮಾತ್ರೆ ಬೆಳಗ್ಗೆ ನುಂಗಬೇಕಾ ಬೇಡವಾ, ಅದನ್ನೂ ಕೇಳಿ.

ಕಾಯುವಾಗ ಹರ್ನಿಯಾದ ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ನೋವು, ವಾಂತಿ ಶುರುವಾದರೆ ಡೇಟ್ ನೋಡುತ್ತಾ ಕೂಡಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ, 108ಕ್ಕೆ ಫೋನ್ ಮಾಡಿ.

ಕೊನೆಗೊಂದು ಉಪಾಯ. ಫಿಟ್‌ನೆಸ್ ಆಗಿದ್ದರೆ ವಾರ್ಡಿನ ಸಿಸ್ಟರ್‌ಗೆ ಹೇಳಿಡಿ: ‘ಯಾರದಾದರೂ ಡೇಟ್ ತಪ್ಪಿದರೆ ಫೋನ್ ಮಾಡ್ರಿ ಸಿಸ್ಟರ್, ರಾತ್ರಿನೇ ಬಂದು ಅಡ್ಮಿಟ್ ಆಗ್ತೀವಿ.’ ಕೊಟ್ಟ ನಂಬರ್ ಸ್ವಿಚ್ಡ್ ಆಫ್ ಆಗದಿರಲಿ. ಕಾಕಾ ಚಹಾ ಕುಡಿದ ದಿನ ಆ ಜಾಗಕ್ಕೆ ಹೋಗಿದ್ದು ಪಕ್ಕದ ಮಂಚದವರು. ಅವರು ಉಪವಾಸ ಇದ್ದರು.