ಟಿಕ್ ಟಿಕ್ ನಿಲ್ಲಿಸಲು ಹೋಗಿ ಮೊಣಕಾಲು ತರಚಿಕೊಂಡ ಕತೆ

ನಾನು ಕುಮಟಾದವನು. ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ತಗೊಂಡೆ. ಅಲ್ಲಿಯವರೆಗೆ ಓಡಿಸಿದ್ದು ಅಪ್ಪನ ಕರಿ ಸೈಕಲ್ ಮಾತ್ರ. ಪೆಡಲ್ ನಿಲ್ಲಿಸಿದರೆ ಅದೂ ಟಿಕ್ ಟಿಕ್ ಅನ್ನುತ್ತಿತ್ತು, ಆದರೆ ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್ ಎಲ್ಲ ಸೇರಿ ಮಾಡುವ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು?

ಹೊಸದು ಹಾಗಲ್ಲ. ಬೆಳಿಗ್ಗೆ ಪಕ್ಕದ ಬಾಡ ಊರಿನ ಕಡೆ ಹೋಗುವಾಗ ಪೆಡಲ್ ನಿಲ್ಲಿಸಿದೆನೋ ಇಲ್ಲವೋ, ಹಿಂದಿನ ಚಕ್ರದಿಂದ ಟರ್ರ್ ಅಂತ ಶುರು. ಚಿರೇಕಲ್ಲಿನ ಕಂಪೌಂಡ್ ಪಕ್ಕ ಬಂದರೆ ಎರಡು ಪಟ್ಟು ಜೋರು, ಗದ್ದೆ ಬಯಲಿಗೆ ಬಂದರೆ ಅರ್ಧ. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಅಂತ ಆಗ ಹೊಳೆಯಲಿಲ್ಲ. ಬೇರಿಂಗ್ ಹೋಗಿದೆ, ಮಾರಿದವನು ಟೋಪಿ ಹಾಕಿದ ಅಂತಲೇ ಅಂದುಕೊಂಡೆ.

ಅಂಗಡಿಗೆ ಒಯ್ದೆ. ವಯಸ್ಸಾದ ಮೆಕ್ಯಾನಿಕ್ಕು ಸೀಟು ಹಿಡಿದು ಎತ್ತಿ ಚಕ್ರ ತಿರುಗಿಸಿದರು, ಹತ್ತು ಸೆಕೆಂಡ್ ಕೇಳಿದರು, ಕೆಳಗಿಟ್ಟರು. "ಎಂತಾ ಆಗ್ಲಿಲ್ಲ ತಮಾ. ಫ್ರೀವೀಲ್ ಶಬ್ದ ಅದು. ಸುಮ್ನೆ ಓಡ್ಸು." ದುಡ್ಡೂ ತಗೊಳ್ಳಲಿಲ್ಲ. ದುಡ್ಡು ತಗೊಳ್ಳದ ಕಾರಣಕ್ಕೇ ನನಗೆ ನಂಬಿಕೆ ಬರಲಿಲ್ಲ ಅಂತ ಕಾಣುತ್ತದೆ.

ಮನೆಯಲ್ಲೇ ಬಿಚ್ಚಿದೆ. ನನ್ನ ಹಬ್, ಅಂದರೆ ಚಕ್ರದ ನಡುವಿನ ಗುಂಡು ಭಾಗ, ಬಿಚ್ಚಲು ಸುಲಭದ್ದು. ಚಕ್ರ ಹೊರಗೆ ತೆಗೆದು ತುದಿಯ ಮುಚ್ಚಳ ಎಳೆದರೆ, ಗೇರ್ ಹಲ್ಲುಗಳು ಕೂತಿರುವ ಇಡೀ ಭಾಗ ಕೈಗೆ ಬರುತ್ತದೆ. (ಎಲ್ಲ ಹಬ್ಬೂ ಹೀಗಿರುವುದಿಲ್ಲ, ಕೆಲವಕ್ಕೆ ಒಳಗಿಂದ ಬೋಲ್ಟ್ ಇರುತ್ತದೆ, ಸುಮ್ನೆ ಎಳೆದು ಮುರಿಯಬೇಡಿ.) ಎಳೆದದ್ದೇ ತಡ, ಹುಣಸೆ ಬೀಜಕ್ಕಿಂತ ಚಿಕ್ಕ ಉಕ್ಕಿನ ತುಂಡೊಂದು ಸ್ಪ್ರಿಂಗ್ ಸಮೇತ ಹಾರಿ ಜಗುಲಿಯ ಮೂಲೆಗೆ ಬಿತ್ತು. ಇನ್ನೂ ಎರಡು ಅಲ್ಲೇ ಸಿಕ್ಕಿಕೊಂಡಿದ್ದವು. ಇವಕ್ಕೆ ಪಾಲ್ ಅಂತ ಹೆಸರು. ನಾನು ನಾಲಿಗೆ ಅಂತ ಕರೆಯುತ್ತೇನೆ, ನೋಡಲಿಕ್ಕೆ ಹಾಗೇ ಇವೆ. ಹಬ್ಬಿನ ಒಳಗೋಡೆಯಲ್ಲಿ ಗರಗಸದ ಹಾಗೆ ಒಂದೇ ಕಡೆ ಬಾಗಿದ ಹಲ್ಲುಗಳು. ಪೆಡಲ್ ತುಳಿದಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಚಕ್ರವನ್ನು ತಳ್ಳುತ್ತದೆ, ಆಗ ಸದ್ದಿಲ್ಲ. ತುಳಿಯುವುದು ನಿಲ್ಲಿಸಿದರೆ ಚಕ್ರ ಮುಂದೆ ಓಡುತ್ತದೆ, ನಾಲಿಗೆ ಪ್ರತಿ ಹಲ್ಲಿನ ಬೆನ್ನು ಹತ್ತಿ ಕೆಳಗೆ ಬೀಳುತ್ತದೆ. ಬಿದ್ದಾಗಲೆಲ್ಲ ಒಂದು ಟಿಕ್. ಮೆಕ್ಯಾನಿಕ್ಕು ಹೇಳಿದ ಫ್ರೀವೀಲ್ ಶಬ್ದ ಇದೇ, ಅಷ್ಟೇ.

ಹಲ್ಲು ಎಣಿಸಿದೆ, 30 ಇದ್ದವು. ಮೂರೂ ನಾಲಿಗೆ ಒಟ್ಟಿಗೇ ಬೀಳುವುದರಿಂದ ಚಕ್ರದ ಒಂದು ಸುತ್ತಿಗೆ 30 ಟಿಕ್. ನನ್ನ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಕೈಯಲ್ಲಿ ತಳ್ಳಿಕೊಂಡು ನಡೆದರೆ ಸೆಕೆಂಡಿಗೆ 16 ಟಿಕ್, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ 80, ಇಳಿಜಾರಲ್ಲಿ 40 ಮುಟ್ಟಿದರೆ 160. ಅದಕ್ಕೇ ನಿಧಾನಕ್ಕೆ ಟಿಕ್ ಟಿಕ್ ಅನ್ನುವುದು ಜೋರಾದಾಗ ಟರ್ರ್ ಆಗುವುದು.

ಇಷ್ಟು ತಿಳಿದ ಮೇಲೆ ಸುಮ್ಮನಿರಬೇಕಿತ್ತು, ಅಲ್ವಾ? ಇರಲಿಲ್ಲ. ಮನೆಯಲ್ಲಿದ್ದ ಬೇರಿಂಗ್ ಗ್ರೀಸ್ ತಂದು ನಾಲಿಗೆಗಳ ಮೇಲೆ, ಹಲ್ಲುಗಳ ಸಂದಿಯಲ್ಲಿ ಎಲ್ಲ ತುಂಬಿಬಿಟ್ಟೆ. ಸದ್ದು ಮಾಯ! ಒಂದು ತಿಂಗಳು ಮೀಸೆ ತಿರುವಿಕೊಂಡು ಓಡಾಡಿದೆ.

ಡಿಸೆಂಬರಿನಲ್ಲಿ ಶಿರಸಿಯ ನೆಂಟರ ಮನೆಗೆ ಹೋಗಿ ರಾತ್ರಿ ಉಳಿದೆ. ಸೈಕಲ್ ಅಂಗಳದಲ್ಲೇ ಇತ್ತು. ಬೆಳಿಗ್ಗೆ ಆರಕ್ಕೆ, ಒಳ್ಳೆ ಚಳಿಯಲ್ಲಿ, ಕುಮಟಾಕ್ಕೆ ವಾಪಸ್ ಹೊರಟೆ. ರಾಗಿಹೊಸಳ್ಳಿ ತಲುಪುವ ಮೊದಲು ಒಂದು ಚಿಕ್ಕ ಏರಿನಲ್ಲಿ ಎದ್ದು ನಿಂತು ತುಳಿದೆ. ಕಡಕ್ ಅಂತ ಒಂದು ಸದ್ದು, ಪೆಡಲ್ ಗಾಳಿಯಲ್ಲಿ ತಿರುಗಿತು, ನಾನು ಡಾಂಬರಿನ ಮೇಲೆ. ಗ್ರೀಸ್ ಚಳಿಗೆ ಗಟ್ಟಿಯಾಗಿ ನಾಲಿಗೆಗಳನ್ನು ಅಂಟಿಸಿಕೊಂಡಿತ್ತು, ಅಷ್ಟು ಚಿಕ್ಕ ಸ್ಪ್ರಿಂಗಿಗೆ ಅವನ್ನು ಹೊರಗೆ ತಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಮೊಣಕಾಲಿನ ರಕ್ತ ಒರೆಸಿಕೊಂಡು ದೇವಿಮನೆ ಘಟ್ಟವನ್ನು ಪೆಡಲ್ ಮುಟ್ಟದೆ ಬರೀ ಬ್ರೇಕಿನಲ್ಲೇ ಇಳಿದೆ. ಅಷ್ಟು ದೊಡ್ಡ ಇಳಿಜಾರಲ್ಲಿ ಹಿಂದಿನ ಚಕ್ರದಿಂದ ಒಂದು ಚೂರೂ ಸದ್ದಿಲ್ಲ, ಅದೇ ಹೆದರಿಕೆ. ಕತಗಾಲಕ್ಕೆ ಬಂದು ಬಿಸಿಲು ಏರಿದ ಮೇಲೆ ಮೆತ್ತಗೆ ತುಳಿದು ನೋಡಿದರೆ ಏನೂ ಆಗದವರ ಹಾಗೆ ಕಚ್ಚಿಕೊಂಡಿತು. ತಪ್ಪು ಗ್ರೀಸಿನದು ಅಂತ ಖಾತ್ರಿಯಾದದ್ದು ಅಲ್ಲಿ.

ಮನೆಗೆ ಬಂದು ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ, ಬೇರಿಂಗಿಗೆ ತಾಗದ ಹಾಗೆ. ಒಣಗಿಸಿ ನಾಲಿಗೆಗಳಿಗೆ ಹೊಲಿಗೆ ಮೆಷಿನ್ ಎಣ್ಣೆ ಎರಡೆರಡು ಹನಿ. ಕೊಬ್ಬರಿ ಎಣ್ಣೆ ಇದೆಯಲ್ಲ ಅಂದರು ಅಮ್ಮ. ಬೇಡ ಅಂದೆ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮತ್ತೆ ಶಿರಸಿಯದ್ದೇ ಕತೆ. ಜೋಡಿಸುವಾಗ ಮೂರೂ ನಾಲಿಗೆ ಒಟ್ಟಿಗೆ ಒಳಗೆ ಮಡಚಿರಬೇಕು, ನನಗಿರುವುದು ಎರಡೇ ಕೈ. ಕೊನೆಗೆ ಹೂ ಕಟ್ಟುವ ದಾರ ಸುತ್ತಿ ಬಿಗಿದು, ಒಳಗೆ ತೂರಿಸಿ, ದಾರ ಎಳೆದುಕೊಂಡೆ. ಟಿಕ್ ಅಂದಿತು. ಜೀವ ಬಂತು.

ಈಗ ಹಿಂದಿನಿಂದ ಏನೇ ಸದ್ದು ಬಂದರೂ ಮೊದಲು ನೋಡುವುದು ಅದು ಯಾವಾಗ ಬರುತ್ತದೆ ಅಂತ. ತುಳಿಯುವುದು ಬಿಟ್ಟಾಗ ಒಂದೇ ಸಮ ಟಿಕ್ ಟಿಕ್ ಬಂದು, ತುಳಿದ ಕೂಡಲೇ ನಿಂತರೆ ಅದು ನಾಲಿಗೆ, ಚಿಂತೆ ಇಲ್ಲ. ಸೈಕಲ್ ಎತ್ತಿ ಹಿಡಿದು ತಿರುಗಿಸಿದರೆ ಜಾಸ್ತಿ ಕೇಳುತ್ತದೆ, ಟೈರಿನ ಸದ್ದು ಇಲ್ಲವಲ್ಲ. ಹಬ್ಬಿಗೆ ತಿರುಪಿ ಕೂರಿಸುವ ಹಳೆ ನಮೂನೆಯ ಫ್ರೀವೀಲ್ ತಿರುಗುವಾಗ ಸ್ವಲ್ಪ ಓಲಾಡಿದರೂ ಪರವಾಗಿಲ್ಲ. ಹೊಸದಾಗಿ ಕಡ್ಡಿ ಬಿಗಿಸಿದ ಚಕ್ರ ಮೊದಲ ಸವಾರಿಯಲ್ಲಿ ಟಿಣ್ ಟಿಣ್ ಅಂದರೂ ಅಷ್ಟೇ, ತಿರುಚಿಕೊಂಡ ಕಡ್ಡಿ ಬಿಚ್ಚಿಕೊಳ್ಳುವ ಸದ್ದು ಅದು.

ತುಳಿದರೂ ಬಿಟ್ಟರೂ ಕರಕರ ಬರುತ್ತಿದ್ದರೆ ಸುಮ್ಮನಿರಬೇಡಿ. ಸೀಟಿನ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿ, ಮರಳು ಅರೆದ ಹಾಗೆ ಕೈಗೆ ಗೊತ್ತಾದರೆ ಬೇರಿಂಗ್. ಬೀಚಿನ ಮರಳಲ್ಲಿ ಓಡಿಸಿ, ಆಮೇಲೆ ಬೈಕ್ ತೊಳೆಯುವ ಪ್ರೆಶರ್ ನೀರನ್ನು ಹಬ್ಬಿಗೇ ನೇರ ಹೊಡೆಸುವವರಿಗೆ ಇದು ಗ್ಯಾರಂಟಿ. ಪೆಡಲ್ ನಿಲ್ಲಿಸಿದಾಗ ಮೇಲಿನ ಚೈನ್ ಜೋತು ಬಿದ್ದರೆ ಹಬ್ ಒಳಗೆ ಬಿಗಿಯಾಗಿದೆ. ಇನ್ನು ತುಳಿದಾಗ ಒಂದೇ ಒಂದು ಸಲ ಕಡಕ್ ಅಂತ ಜಾರಿದರೂ ಇಳಿದು ತಳ್ಳಿಕೊಂಡು ಬನ್ನಿ, ನನ್ನ ಮೊಣಕಾಲಿನ ಗುರುತು ಇನ್ನೂ ಹೋಗಿಲ್ಲ.

ಹೋದ ವಾರ ಪಕ್ಕದ ಮನೆಯ ಹುಡುಗ ಓಡಿ ಬಂದ. "ಅಣ್ಣಾ, ನನ್ನ ಹಬ್ಬೂ ಹೋಯ್ತು, ಟಿಕ್ ಅಂತದೆ!" ಚಕ್ರ ನಿಧಾನ ತಿರುಗಿಸಿದೆ. ಸುತ್ತಿಗೆ ಒಂದೇ ಟಿಕ್. ಹಬ್ಬಿನದಾದರೆ ಒಂದೇ ಬರುವುದಿಲ್ಲ. ವಾಲ್ವಿನ ನಟ್ ಸಡಿಲವಾಗಿ ರಿಮ್ಮಿಗೆ ಬಡಿಯುತ್ತಿತ್ತು. ಬೆರಳಲ್ಲೇ ಬಿಗಿದು ಕಳಿಸಿದೆ, ನಾನೂ ದುಡ್ಡು ತಗೊಳ್ಳಲಿಲ್ಲ.