ಅಮೆರಿಕದಲ್ಲಿ ಆರ್‌ಎ ಕೆಲಸಕ್ಕೆ ಅರ್ಜಿ ಹಾಕೋರಿಗೆ

ಅಮೆರಿಕದಲ್ಲಿ ಓದ್ತಿರೋ ನಮ್ಮ ಹುಡುಗ್ರು ಹಾಸ್ಟೆಲ್‌ನ ರೆಸಿಡೆಂಟ್ ಅಸಿಸ್ಟೆಂಟ್ (ಆರ್‌ಎ, ಅಂದ್ರೆ ಅಲ್ಲೇ ಇದ್ದು ಉಳಿದ ಹುಡುಗ್ರನ್ನ ನೋಡ್ಕೊಳ್ಳೋ ವಿದ್ಯಾರ್ಥಿ) ಕೆಲಸಕ್ಕೆ ಯಾಕೋ ಅರ್ಜಿನೇ ಹಾಕಲ್ಲ. ಬಹಳಷ್ಟು ಕಡೆ ರೂಮ್ ಬಾಡಿಗೆ ಉಳಿಯುತ್ತೆ, ಕೆಲವು ಕಡೆ ಊಟಾನೂ ಸಿಗುತ್ತೆ. ಆಗಸ್ಟ್‌ನಲ್ಲಿ ಶುರುವಾಗೋ ಕೆಲಸಕ್ಕೆ ಎಷ್ಟೋ ಕಡೆ ಚಳಿಗಾಲದಲ್ಲೇ ಅರ್ಜಿ ಕರೀತಾರೆ, ಕಣ್ಣಿಟ್ಟಿರಿ.

ಇಂಟರ್‌ವ್ಯೂನಲ್ಲಿ ಸಂದರ್ಭ ಕೊಟ್ಟು ಕೇಳ್ತಾರೆ: ರಾತ್ರಿ ಎರಡಕ್ಕೆ ಒಬ್ಬ ಹುಡುಗಿ ಬಾಗಿಲು ತಟ್ಟಿ, "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅಂದ್ರೆ? ಕೊಡ್ತೀನಿ ಅಂದ್ರೋ, ಕೆಟ್ರಿ! ಲೈಂಗಿಕ ಕಿರುಕುಳದಂಥ ವಿಷಯವನ್ನ ಆರ್‌ಎ ಸಾಮಾನ್ಯವಾಗಿ ಮೇಲಿನವರಿಗೆ ತಿಳಿಸಲೇಬೇಕು. ಅದನ್ನ ಮೊದಲೇ ಹೇಳಿ, ಆಮೇಲೆ ಕೂತು ಕೇಳ್ತೀನಿ ಅನ್ನಿ.

ಎಫ್-1 (ವಿದ್ಯಾರ್ಥಿ) ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ ಕೆಲಸಗಳೆಲ್ಲಾ ಸೇರಿ ವಾರಕ್ಕೆ 20 ಗಂಟೆ ಮೀರೋ ಹಾಗಿಲ್ಲ. ಲೈಬ್ರರಿ ಕೆಲಸ ಈಗಾಗ್ಲೇ ಇದ್ರೆ, ವಿದೇಶಿ ವಿದ್ಯಾರ್ಥಿಗಳ ವಿಷಯ ನೋಡ್ಕೊಳ್ಳೋ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಲ್ಲಿ ಕೇಳಿಯೇ ಆರ್‌ಎ ಕೆಲಸಕ್ಕೆ ಸಹಿ ಹಾಕಿ.