ಬಣ್ಣದಿಂದ ಮಾಡಿದ ಆಯ್ಕೆಯನ್ನು ತಿದ್ದಿ ಹದಗೊಳಿಸುವುದು

ಕಾರವಾರದ ಕಡಲತೀರದ ಚಿತ್ರವೊಂದರಲ್ಲಿ ನೀಲಿ ದೋಣಿಯ ಬಣ್ಣವನ್ನಷ್ಟೇ ಬದಲಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದ 'ಸೆಲೆಕ್ಟ್ ಬೈ ಕಲರ್' ಉಪಕರಣದಿಂದ ದೋಣಿಯ ಮೇಲೆ ಕ್ಲಿಕ್ ಮಾಡಿದಾಗ ಕಡಲು ಮತ್ತು ಆಕಾಶದ ತುಣುಕುಗಳೂ ಆಯ್ಕೆಯೊಳಗೆ ಬರುತ್ತವೆ. ಈ ಉಪಕರಣವು ದೋಣಿಯನ್ನು ಗುರುತಿಸುವುದಿಲ್ಲ, ಚಿತ್ರದುದ್ದಕ್ಕೂ ಬಣ್ಣದ ಮೌಲ್ಯಗಳನ್ನು ಮಾತ್ರ ಹೋಲಿಸುತ್ತದೆ.

ದೋಣಿಯ ನೆರಳಿನ ಭಾಗ ಬಿಟ್ಟುಹೋದರೆ ಥ್ರೆಶೋಲ್ಡ್ (ಎಷ್ಟು ಬಣ್ಣವ್ಯತ್ಯಾಸದವರೆಗೆ ಆಯ್ಕೆಗೆ ಸೇರಬೇಕೆಂಬ ಮಿತಿ) ಹೆಚ್ಚಿಸುವುದು ಸಾಮಾನ್ಯ ರೂಢಿ. ಅದು ಸರಿಯಾದ ದಾರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮೌಲ್ಯ ಹೆಚ್ಚಿದಂತೆಲ್ಲ ಕಡಲಿನ ಭಾಗವೂ ಹೆಚ್ಚುತ್ತದೆ. ಥ್ರೆಶೋಲ್ಡ್ ಅನ್ನು ಮೊದಲೇ ಇರುವ 15ರ ಆಸುಪಾಸಿನಲ್ಲಿಯೇ ಬಿಟ್ಟು, ಶಿಫ್ಟ್ ಕೀಲಿ ಹಿಡಿದು ಬಿಸಿಲು ಬಿದ್ದ ಹಲಗೆ, ನೆರಳಿನ ಮಗ್ಗುಲು, ನೀರು ತಾಗಿದ ಅಂಚು ಇವುಗಳ ಮೇಲೆ ಒಂದೊಂದಾಗಿ ಕ್ಲಿಕ್ ಮಾಡಿರಿ. ಬಳಿಕ 'ಫ್ರೀ ಸೆಲೆಕ್ಟ್' ಉಪಕರಣವನ್ನು ತೆಗೆದುಕೊಂಡು, ಶಿಫ್ಟ್ ಮತ್ತು ಕಂಟ್ರೋಲ್ ಎರಡನ್ನೂ ಒತ್ತಿ ಹಿಡಿದು ದೋಣಿಯ ಸುತ್ತ ಸಡಿಲವಾಗಿ ಗೆರೆ ಎಳೆದು ಎಂಟರ್ ಒತ್ತಿದರೆ, ಗೆರೆಯೊಳಗಿನ ನೀಲಿ ಮಾತ್ರ ಉಳಿದು ಕಡಲು, ಆಕಾಶಗಳು ಕಳಚಿಹೋಗುತ್ತವೆ.

ಬಣ್ಣ ಗಾಢವಾಗಿದ್ದರೆ 'ಸೆಲೆಕ್ಟ್ ಬೈ' ಪಟ್ಟಿಯಲ್ಲಿ 'ಹ್ಯೂ' (ಬೆಳಕಿನ ಏರಿಳಿತ ಬಿಟ್ಟು ಬಣ್ಣದ ಛಾಯೆಯಷ್ಟೇ) ಆರಿಸಬಹುದು. ಆಗ ಬಿಸಿಲು, ನೆರಳು ಎರಡೂ ಒಟ್ಟಿಗೆ ಸಿಗುತ್ತವೆ. ಬೂದು ಅಥವಾ ತೀರ ಕತ್ತಲೆಯ ಭಾಗಗಳಲ್ಲಿ ಹ್ಯೂ ನಂಬಲರ್ಹವಲ್ಲ.

ಇಷ್ಟಾದ ಮೇಲೆ ಶಿಫ್ಟ್ ಜೊತೆ ಕ್ಯೂ ಒತ್ತಿ, ಆಯ್ಕೆಯನ್ನು ಕುಂಚದಿಂದ ತಿದ್ದಲು ಬಿಡುವ ಕ್ವಿಕ್ ಮಾಸ್ಕ್ ತೆರೆಯಿರಿ. ಆಯ್ಕೆಯ ಸುತ್ತ ಓಡುವ ಚುಕ್ಕೆಗೆರೆಯು ಅರೆಬರೆ ಆಯ್ಕೆಯಾದ ಬಿಂದುಗಳನ್ನು ತೋರಿಸುವುದಿಲ್ಲ, ಮಾಸ್ಕಿನ ಕೆಂಪು ಪರದೆ ತೋರಿಸುತ್ತದೆ. ಅಲ್ಲಿ ಬಿಳಿ ಕುಂಚದಿಂದ ಸೇರಿಸಿ, ಕಪ್ಪು ಕುಂಚದಿಂದ ತೆಗೆಯಬೇಕು. ಆಯ್ಕೆಯೊಳಗಿನ ತೂತುಗಳನ್ನು ತುಂಬುವ 'ರಿಮೂವ್ ಹೋಲ್ಸ್' ಬಳಸುವ ಮುನ್ನ ದೋಣಿಯ ಮೇಲೆ ಬಿಳಿಯಲ್ಲಿ ಬರೆದ ಹೆಸರಿದೆಯೇ ಎಂದು ಅವಶ್ಯವಾಗಿ ನೋಡಿರಿ. ಇದ್ದರೆ ಆ ಅಕ್ಷರಗಳೂ ಆಯ್ಕೆಗೆ ಸೇರಿ ಬಣ್ಣ ಕಳೆದುಕೊಳ್ಳುತ್ತವೆ.

ಅಂಚಿಗೆ ಹೆಚ್ಚಿನ ತಾಳ್ಮೆ ಬೇಕು. ಬಹಳಷ್ಟು ಜೆಪೆಗ್ ಚಿತ್ರಗಳಲ್ಲಿ ಬಣ್ಣದ ವಿವರವು ಬೆಳಕಿನ ವಿವರಕ್ಕಿಂತ ಕಡಿಮೆ ಸೂಕ್ಷ್ಮತೆಯಲ್ಲಿ ದಾಖಲಾಗಿರುವುದರಿಂದ ದೋಣಿಯ ನೀಲಿ ಪಕ್ಕದ ಮರಳಿಗೂ ಸ್ವಲ್ಪ ಹರಡಿರುತ್ತದೆ. ಬಣ್ಣ ಬದಲಿಸುವುದಾದರೆ 'ಗ್ರೋ' ಮೂಲಕ ಆಯ್ಕೆಯನ್ನು 1 ಪಿಕ್ಸೆಲ್ ಹಿಗ್ಗಿಸಿರಿ, ಇಲ್ಲವಾದರೆ ಹಳೆಯ ನೀಲಿಯ ಗೆರೆ ಸುತ್ತ ಉಳಿಯುತ್ತದೆ. ದೋಣಿಯನ್ನು ಕತ್ತರಿಸಿ ಬೇರೆ ಹಿನ್ನೆಲೆಗೆ ಇಡುವುದಾದರೆ 'ಶ್ರಿಂಕ್' ಮೂಲಕ ಅಷ್ಟೇ ಕುಗ್ಗಿಸಿರಿ. ಎರಡರಲ್ಲೂ 1 ಅಥವಾ 2 ಪಿಕ್ಸೆಲ್‌ಗಳ 'ಫೆದರ್' (ಅಂಚನ್ನು ಮೃದುಗೊಳಿಸುವುದು) ಕೊನೆಗೆ ಬರಲಿ. ಸಿದ್ಧವಾದ ಆಯ್ಕೆಯನ್ನು 'ಸೇವ್ ಟು ಚಾನೆಲ್' ಮೂಲಕ ಇರಿಸಿ, ಕಡತವನ್ನು ಗಿಂಪ್‌ನದೇ ಆದ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿರಿ. ಜೆಪೆಗ್‌ನಲ್ಲಿ ಚಾನೆಲ್ ಉಳಿಯುವುದಿಲ್ಲ.